ಕೊಳವೆ ಬಾವಿಯ ಸುದ್ದಿ ಮನೆಗೆ ಮುಟ್ಟಬೇಕಾದರೆ



ಬೊಮ್ಮಸಂದ್ರದ ಸುತ್ತ ಇನ್ನೂ ಬೇಸಾಯ ಬಿಡದೆ ಇರುವವರ ಪಾಡು ತಮಗೆ ತಿಳಿಯದ್ದಲ್ಲ. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ. ಹಿಂದೆ ಜಗುಲಿಯ ಮೇಲೆ ನಿಂತರೆ ಬಾವಿಯ ಕಡೆ ಯಾರು ಹೋದರು, ಯಾರು ಬಂದರು ಎಂಬುದೆಲ್ಲ ಕಾಣುತ್ತಿತ್ತು. ಈಗ ನಡುವೆ ತಗಡಿನ ಕಾರ್ಖಾನೆ ಬಂದಿದೆ, ಕಾಂಪೌಂಡು ಗೋಡೆ ಬಂದಿದೆ, ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಹೊಸೂರು ರಸ್ತೆಯ ಒಂದು ಮಗ್ಗುಲಲ್ಲಿ ಮನೆ, ಇನ್ನೊಂದು ಮಗ್ಗುಲಲ್ಲಿ ಜಮೀನು ಇರುವವರಿಗೆ 2025ರ ಆಗಸ್ಟಿನಿಂದ ಓಡುತ್ತಿರುವ ಮೆಟ್ರೋ ರೈಲಿನ ಮೇಲುಸೇತುವೆಯೂ ಅಡ್ಡ. ತ್ರೀ ಫೇಸ್ ಕರೆಂಟು ಬರುವುದು ಅದಕ್ಕೆ ತೋಚಿದ ಹೊತ್ತಿನಲ್ಲಿ. ಸರಿರಾತ್ರಿಯಲ್ಲಿ ಟಾರ್ಚು ಹಿಡಿದು, ಹುಳುಹುಪ್ಪಟೆಯ ಭಯ ನುಂಗಿಕೊಂಡು ಪಂಪಿನ ಮನೆಗೆ ಹೋಗಬೇಕು. ಹೋಗದೆ ಮಲಗಿದರೆ ತೊಟ್ಟಿ ತುಂಬಿ ನೀರು ಹರಿದುಹೋಗುತ್ತದೆ. ಇಲ್ಲವೆ ಕೊಳವೆ ಬಾವಿಯಲ್ಲಿ ನೀರು ಕೆಳಕ್ಕಿಳಿದು, ಮೋಟಾರು ಒಣಗಿ ಓಡಿ ಸುಟ್ಟುಹೋಗುತ್ತದೆ. ಅಷ್ಟು ಆಳದಿಂದ ಪೈಪು ಎತ್ತಿಸಿ, ಮೋಟಾರಿಗೆ ಹೊಸ ಸುರುಳಿ ಸುತ್ತಿಸಿ, ಮತ್ತೆ ಇಳಿಸುವ ಖರ್ಚು ಕೊಟ್ಟವರಿಗೇ ಗೊತ್ತು.

ಆದುದರಿಂದ ತೊಟ್ಟಿಯ ಮಟ್ಟ, ಮಣ್ಣಿನ ತೇವ, ಪಂಪು ಓಡುತ್ತಿದೆಯೋ ನಿಂತಿದೆಯೋ ಎಂಬ ಸುದ್ದಿಯನ್ನು ಮನೆಯಲ್ಲೇ ಕುಳಿತು ತಿಳಿಯಲು ಪುಟ್ಟ ರೇಡಿಯೋ ಉಪಕರಣಗಳನ್ನು ಅನೇಕರು ತಂದು ಹಾಕಿಕೊಳ್ಳುತ್ತಿದ್ದಾರೆ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರುಗಳು ಬಹಳ ಕಾಲದಿಂದ ಇವೆ. ಪಂಪಿನ ಬಳಿ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದು, ಸುದ್ದಿ ಕೊಡಬೇಕಾದ ಜಾಗ ಒಂದೇ ಆಗಿದ್ದರೆ ಅದೇ ಸುಲಭ ಎಂದು ನಾನು ಹೇಳುತ್ತೇನೆ. ಆದರೆ ನಾಲ್ಕು ಕಡೆ ನಾಲ್ಕು ಸೆನ್ಸರ್ ಇಟ್ಟು, ಪ್ರತಿಯೊಂದಕ್ಕೂ ಸಿಮ್ ಹಾಕಿ ತಿಂಗಳು ತಿಂಗಳು ದುಡ್ಡು ಕಟ್ಟುವುದು ಹಿಡಿಸುವುದಿಲ್ಲ. ಅಂಥಲ್ಲಿ ಲೋರಾ ಎಂಬ ದೂರವ್ಯಾಪ್ತಿಯ ರೇಡಿಯೋ ಒಳ್ಳೆಯದು. ಹೊಲದಲ್ಲಿ ಹತ್ತು ಕಳುಹುವ ಪೆಟ್ಟಿಗೆ, ಮನೆಯಲ್ಲಿ ಒಂದೇ ಕೇಳುವ ಪೆಟ್ಟಿಗೆ; ಬಾಡಿಗೆ ಇಲ್ಲ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದ ಹಾಗೆ, ನಿಮ್ಮ ಮನೆಗೂ ಒಂದು ಸಣ್ಣ ನಿಲಯ ಆಯಿತೆನ್ನಿ. ಹಾಡು ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ.

ಇದು ಮಾತಾಡುವ ಬಗೆಯೇ ಬೇರೆ. ಸಾಮಾನ್ಯ ರೇಡಿಯೋ ಒಂದೇ ಸ್ಥಾಯಿಯಲ್ಲಿ ನಿಂತು ಮಾತಾಡಿದರೆ, ಇದು ತಗ್ಗಿನಿಂದ ಮೇಲಕ್ಕೆ ಎಳೆದು ಶಿಳ್ಳೆ ಹಾಕುತ್ತದೆ. ಹೊಲದ ಆಚೆ ಬದುವಿನಲ್ಲಿರುವವರನ್ನು ನಾವು 'ಕೂ...' ಎಂದು ಎಳೆದು ಕೂಗುವುದಿಲ್ಲವೆ? ಗಾಳಿಯ ಸದ್ದಿನಲ್ಲಿ ಮಾತು ಕರಗಿಹೋದರೂ ಎಳೆದ ಕೂಗು ಕೇಳಿಸುತ್ತದೆ. ಅದೇ ಉಪಾಯ. ಫ್ರಾನ್ಸಿನ ಗ್ರೆನೋಬಲ್ ನಗರದ ಸೈಕ್ಲಿಯೋ ಎಂಬ ಸಣ್ಣ ಸಂಸ್ಥೆ ಇದನ್ನು ಬೆಳೆಸಿತು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಸುತ್ತಲಿನ ಗದ್ದಲದ ಮಟ್ಟಕ್ಕಿಂತ ಕೆಳಗೆ ಇಳಿದುಹೋದ ಶಿಳ್ಳೆಯನ್ನೂ ಈ ರೇಡಿಯೋ ಹೆಕ್ಕಿ ತೆಗೆಯಬಲ್ಲದು. ಅದೇ ಇದರ ಹೆಚ್ಚುಗಾರಿಕೆ.

ಇನ್ನು ಮುಖ್ಯ ಮಾತಿಗೆ ಬರೋಣ. ಆನೇಕಲ್ ಕಡೆಯ ಒಂದು ರೈತರ ಸಭೆಯಲ್ಲಿ ಹೂವಿನ ತೋಟದ ಅಕ್ಕನೊಬ್ಬರು ಎದ್ದು ಕೇಳಿದರು: "ಸಾರ್, ಡಬ್ಬದ ಮೇಲೆ ಐದು ಕಿಲೋಮೀಟ್ರು ಅಂತ ಬರ್ದವ್ರೆ. ನಮ್ ತೋಟ ಮನೆಯಿಂದ ಎರಡು ಫರ್ಲಾಂಗೂ ಇಲ್ಲ. ಆದ್ರೂ ಯಾಕ್ ಬರ್ತಿಲ್ಲ?" ಅವರ ಪಕ್ಕದಲ್ಲಿದ್ದವರು, "ಪವರ್ ಕಮ್ಮಿ ಅಕ್ಕ, ದೊಡ್ಡದು ತರ್ಸಿ" ಎಂದರು. ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಆದರೆ ಪವರು ಹೆಚ್ಚಿಸುವುದು ಕಟ್ಟಕಡೆಯ ಕೆಲಸ. ಮೊದಲನೆಯದು ಎತ್ತರ, ಎರಡನೆಯದು ಆಂಟೆನಾ.

ಎತ್ತರದ ಮಹಿಮೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2017ರ ಆಗಸ್ಟಿನಲ್ಲಿ ನೆದರ್ಲೆಂಡಿನಿಂದ ಹಾರಿಸಿದ ಬಲೂನಿನಲ್ಲಿ ಇಂಥದೇ ಒಂದು ಪುಟ್ಟ ರೇಡಿಯೋ ಇಟ್ಟಿದ್ದರು. ಅದರ ಶಕ್ತಿ 25 ಮಿಲಿವಾಟು ಮಾತ್ರ, ಅಂದರೆ ಒಂದು ವಾಟಿನ ನಲವತ್ತನೇ ಒಂದು ಪಾಲು. ಅದರ ಸುದ್ದಿ 702 ಕಿಲೋಮೀಟರು ದೂರದ ಪೋಲೆಂಡಿನಲ್ಲಿ ಕೇಳಿಸಿತು. ಬಲೂನು 38 ಕಿಲೋಮೀಟರಿಗೂ ಮೇಲೆ ಇತ್ತು, ನಡುವೆ ಅಡ್ಡಿ ಏನೂ ಇರಲಿಲ್ಲ. ನಮ್ಮ ಅಕ್ಕನವರ ಪೆಟ್ಟಿಗೆಯಾದರೋ ಸೇವಂತಿಗೆಯ ಮಡಿಯಲ್ಲಿ ನೆಲದಿಂದ ಒಂದು ಗೇಣು ಎತ್ತರದಲ್ಲಿತ್ತು; ಕೇಳುವ ಪೆಟ್ಟಿಗೆ ಮನೆಯ ಒಳಗೆ, ಟಿವಿಯ ಹಿಂದೆ. ಎರಡು ರೇಡಿಯೋಗಳ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ; ಇದ್ದ ಜಾಗದಲ್ಲಿ ಅಂತರ.

ರೇಡಿಯೋ ಅಲೆ ಎರಡು ಆಂಟೆನಾಗಳ ನಡುವೆ ದಾರ ಎಳೆದಂತೆ ತೆಳ್ಳಗೆ ಹೋಗುತ್ತದೆಂದು ತಿಳಿಯಬೇಡಿ. ಎರಡು ತುದಿಯಲ್ಲಿ ಮೊನಚಾಗಿ ನಡುವೆ ಉಬ್ಬಿದ ಸೌತೆಕಾಯಿಯಂತೆ ಅದರ ಹಾದಿ ಇರುತ್ತದೆ. ಅರ್ಧ ಕಿಲೋಮೀಟರಿನ ಹಾದಿಗೆ ಆ ಸೌತೆಕಾಯಿ ನಟ್ಟನಡುವೆ ದಾರದಿಂದ ಮೇಲಕ್ಕೂ ಕೆಳಕ್ಕೂ ಸುಮಾರು 6.6 ಮೀಟರಿನಷ್ಟು ಉಬ್ಬಿರುತ್ತದೆ. ಅದರಲ್ಲಿ ಹತ್ತಕ್ಕೆ ಆರು ಪಾಲಾದರೂ, ಅಂದರೆ ಸುಮಾರು 4 ಮೀಟರು ಅಥವಾ 13 ಅಡಿ, ತೆರವಾಗಿರಬೇಕು. ಈಗ ಲೆಕ್ಕ ಹಾಕಿ. ನಡುವೆ ಇರುವುದು ರಾಗಿ ಹೊಲ, ಪೈರಿನ ಎತ್ತರ ಮೂರೂವರೆ ಅಡಿ. ಮೂರೂವರೆಗೆ ಹದಿಮೂರು ಕೂಡಿಸಿದರೆ ಹದಿನಾರೂವರೆ. ದಾರದ ನಡುಭಾಗ ಇಷ್ಟು ಎತ್ತರದಲ್ಲಿ ಹಾಯಬೇಕು. ಮನೆಯ ತಾರಸಿಯ ಮೇಲೆ 27 ಅಡಿ ಎತ್ತರದಲ್ಲಿ ಒಂದು ಆಂಟೆನಾ, ಹೊಲದಲ್ಲಿ 6 ಅಡಿಯ ಗಳುವಿನ ಮೇಲೆ ಇನ್ನೊಂದು: ಕೂಡಿಸಿ ಅರ್ಧ ಮಾಡಿದರೆ ಸರಿಯಾಗಿ ಹದಿನಾರೂವರೆ. ಎರಡು ಅಂತಸ್ತಿನ ಮನೆ ಮತ್ತು ಒಂದು ಬಿದಿರು ಗಳು ಇದ್ದರೆ ಕೆಲಸ ಆಯಿತು.

ಆ ಬಿದಿರಿನ ಬೆಲೆಯನ್ನು ಇನ್ನೊಂದು ರೀತಿಯಲ್ಲೂ ಕಟ್ಟಬಹುದು. ನೆಲಕ್ಕೆ ಹತ್ತಿರ ಇರುವ ಆಂಟೆನಾವನ್ನು ಮೂರು ಅಡಿಯಿಂದ ಆರು ಅಡಿಗೆ ಏರಿಸಿದರೆ, ದೂರದಲ್ಲಿ ಕೇಳುವ ಬಲ ಸುಮಾರು ನಾಲ್ಕು ಪಟ್ಟು ಆಗುತ್ತದೆ. ಅದೇ ನಾಲ್ಕು ಪಟ್ಟನ್ನು ಪವರಿನಿಂದ ಪಡೆಯಬೇಕಾದರೆ 25 ಮಿಲಿವಾಟನ್ನು 100 ಮಿಲಿವಾಟಿಗೆ ಏರಿಸಬೇಕು, ಬ್ಯಾಟರಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಬೇಗ ಕರಗಬೇಕು. ಬಿದಿರಿಗೆ ಬ್ಯಾಟರಿ ಬೇಡ.

ಮುಂಗಾರಿನ ಬಿತ್ತನೆಯಲ್ಲಿ ಸೆನ್ಸರ್ ನೆಟ್ಟವರು ಒಂದು ದೂರು ತರುತ್ತಾರೆ: "ಶುರುವಿನಲ್ಲಿ ಚೆನ್ನಾಗಿತ್ತು, ಎರಡು ತಿಂಗಳಿಗೆ ಕೆಟ್ಟುಹೋಯಿತು." ಕೆಟ್ಟಿರುವುದಿಲ್ಲ, ಪೈರು ಬೆಳೆದಿರುತ್ತದೆ! ಹಸಿ ಎಲೆಯೆಂದರೆ ನೀರು. ನೀರು ಈ ಅಲೆಯನ್ನು ಹೀರುತ್ತದೆ. ಮೆಕ್ಕೆಜೋಳ ಆಳೆತ್ತರ ಮೀರಿ ಬೆಳೆಯುವಾಗ ನಾಲ್ಕು ಅಡಿಯ ಗೂಟ ಅದರೊಳಗೆ ಮುಳುಗಿಹೋಗದೆ ಇರುತ್ತದೆಯೆ? ಬಿತ್ತುವ ದಿನವೇ, ಬೆಳೆ ತೆನೆಗಟ್ಟಿದಾಗ ಎಷ್ಟು ಎತ್ತರ ಇರುವುದೆಂದು ನೋಡಿ ಅದಕ್ಕಿಂತ ಎರಡು ಅಡಿ ಹೆಚ್ಚಿಗೆ ಗಳು ನೆಡಿ. ಸೆನ್ಸರ್ ಮಣ್ಣಿನಲ್ಲಿರಲಿ, ಆಂಟೆನಾ ಮೇಲಿರಲಿ. ಮಳೆಯ ಹನಿಯಿಂದ ಈ ಅಲೆಗೆ ಅಷ್ಟಾಗಿ ತೊಂದರೆಯಿಲ್ಲ. ಮಳೆಗೆ ತೊಯ್ದ ತೋಪಿನಿಂದ ಉಂಟು.

ಇಲ್ಲಿಯವರೆಗೆ ಹೇಳಿದ್ದು ಬಯಲಿನ ಮಾತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಡೆಯವರಿಗೆ ತಗಡಿನ ಷೆಡ್ಡೇ ದೊಡ್ಡ ಸಮಸ್ಯೆ. ತಗಡಿನ ಮೂಲಕ ಅಲೆ ಹಾಯುವುದಿಲ್ಲ. ಅರ್ಧ ಕಿಲೋಮೀಟರಿನ ನಡುಮಧ್ಯದಲ್ಲಿ 25 ಅಡಿಯ ಷೆಡ್ಡು ಇದ್ದರೆ ಮೇಲಿನ ಲೆಕ್ಕದಂತೆ ದಾರ 38 ಅಡಿಯಲ್ಲಿ ಹಾಯಬೇಕು. ಪಂಪಿನ ಮನೆಯ ಬಳಿ 10 ಅಡಿಯ ಗಳು ನೆಟ್ಟರೂ ಮನೆಯ ಕಡೆ 66 ಅಡಿ ಬೇಕು. ಅದು ಆಗದ ಮಾತು. ಅದೇ ಷೆಡ್ಡು ನಿಮ್ಮ ಮನೆಯ ಪಕ್ಕದಲ್ಲೇ ಇದ್ದು, ನಿಮ್ಮ ತಾರಸಿ ಅದಕ್ಕಿಂತ ಎತ್ತರವಾಗಿದ್ದರೆ ಅಷ್ಟು ಚಿಂತೆ ಇಲ್ಲ. ತುದಿಯಲ್ಲಿ ಸೌತೆಕಾಯಿ ಸಣ್ಣದು.

ನಡುವೆ ಷೆಡ್ಡು ಇದ್ದವರು ಅದನ್ನು ಹಾರಿಹೋಗುವ ಹಟ ಬಿಟ್ಟು ಬಳಸಿಹೋಗುವ ದಾರಿ ಹುಡುಕಬೇಕು. ಹೊಲವೂ ಕಾಣುವ, ಮನೆಯೂ ಕಾಣುವ ಒಂದು ಮೂರನೆಯ ಜಾಗ ಹುಡುಕಿ, ಅಲ್ಲಿ ಸುದ್ದಿ ಕೇಳಿ ಮುಂದಕ್ಕೆ ದಾಟಿಸುವ ಪೆಟ್ಟಿಗೆ ಇಡಿ. ನೆಂಟರ ತಾರಸಿಯೋ, ನೆರೆಯವರ ತಾರಸಿಯೋ ಆಗಬಹುದು. ಅಂಗೈಯಗಲದ ಪೆಟ್ಟಿಗೆ, ಒಂದು ಸಣ್ಣ ಸೌರಫಲಕ, ಇಷ್ಟೇ. ಆದರೆ ಕೇಳದೆ ಇಡಬೇಡಿ. "ಇದು ಏನು, ಏನು ಮಾಡುತ್ತದೆ" ಎಂದು ಮನೆಯ ಯಜಮಾನರಿಗೆ ತಿಳಿಸಿ, ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಬರೆದಿಡಿ. ಗುರುತಿಲ್ಲದ ಪೆಟ್ಟಿಗೆಯನ್ನು ಕಂಡರೆ ಜನ ಕಿತ್ತು ಬಿಸಾಡುತ್ತಾರೆ. ಅವರದು ತಪ್ಪೂ ಅಲ್ಲ.

ಕಟ್ಟಡಗಳ ನಡುವೆ ಅಲೆ ಗೋಡೆಗೆ ತಗುಲಿ ತಿರುಗಿ ಬರುವುದೂ ಉಂಟು. ನೇರ ಬಂದದ್ದೂ ತಿರುಗಿ ಬಂದದ್ದೂ ಒಂದನ್ನೊಂದು ಹೊಡೆದುಹಾಕುವ ಜಾಗವೂ ಇರುತ್ತದೆ, ಒಂದಕ್ಕೊಂದು ಕೂಡಿಕೊಳ್ಳುವ ಜಾಗವೂ ಇರುತ್ತದೆ. ಅವೆರಡರ ನಡುವಿನ ಅಂತರ ಒಂದು ಗೇಣಿಗಿಂತ ಕಡಿಮೆಯೇ. ಆದಕಾರಣ ಸುದ್ದಿ ಬಾರದಿದ್ದರೆ ಗಳುವನ್ನು ಅತ್ತ ಒಂದು ಗೇಣು, ಇತ್ತ ಒಂದು ಗೇಣು ಸರಿಸಿ ನೋಡಿ. ಇದು ಮಾಟವಲ್ಲ.

ಈಗ ಆಂಟೆನಾ. ಹಳಬರು ಏರಿಯಲ್ ಎನ್ನುತ್ತಿದ್ದರಲ್ಲ, ಅದೇ. ಅದಕ್ಕೆ ಮುಂಚೆ ಯಾವ ರೇಡಿಯೋ ಕೊಳ್ಳಬೇಕೆಂಬುದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ 433, 868, 915 ಎಂದು ಮೂರು ಬಗೆ ಕಾಣಬಹುದು. ಈ ಅಂಕಿ ಮೆಗಾಹರ್ಟ್ಸ್‌ನಲ್ಲಿ ಅಲೆಯ ಕಂಪನವನ್ನು ಹೇಳುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿತು. ಕಳುಹುವ ಶಕ್ತಿ ಒಂದು ವಾಟನ್ನು ಮೀರಕೂಡದು. ನಮ್ಮ ಕೆಲಸಕ್ಕೆ ಅದರ ಹತ್ತನೇ ಒಂದು ಪಾಲೂ ಧಾರಾಳ. 868 ಎಂದು ಬರೆದ ರೇಡಿಯೋವನ್ನೇ ಕೊಂಡು 865 ಮತ್ತು 867ರ ನಡುವೆ ಹೊಂದಿಸಿಕೊಳ್ಳಿ. 433ರ ಪಟ್ಟಿ ಇಲ್ಲಿ ಮನೆಯೊಳಗಿನ ಅತಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಮೀಸಲು. 915 ಅಮೆರಿಕದವರ ಪಟ್ಟಿ. ನಮ್ಮಲ್ಲಿ ಅದರ ಆಸುಪಾಸು ಮೊಬೈಲ್ ಫೋನುಗಳದು. ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ರೇಡಿಯೋ ಯಾವ ಪಟ್ಟಿಯದೋ ಆಂಟೆನಾವೂ ಅದೇ ಪಟ್ಟಿಯದಾಗಿರಬೇಕು. 433ರ ಕಡ್ಡಿಯೂ 868ರ ಕಡ್ಡಿಯೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಅಂಗಡಿಯವರೂ ಒಂದೇ ಡಬ್ಬದಲ್ಲಿ ಬೆರೆಸಿ ಇಟ್ಟಿರುತ್ತಾರೆ. ಕೇಳಿ ನೋಡಿ ತನ್ನಿ. ತಿರುಪಿನ ಬಾಯಿಯಲ್ಲೂ ಎರಡು ಜಾತಿ ಇದೆ: ಒಂದರ ನಡುವೆ ಸೂಜಿ, ಇನ್ನೊಂದರ ನಡುವೆ ತೂತು. ತೂತಿಗೆ ತೂತು ಜೋಡಿಸಿದರೂ ತಿರುಪು ಚೆನ್ನಾಗಿಯೇ ಕೂರುತ್ತದೆ, ಆದರೆ ಒಳಗೆ ತಂತಿ ತಂತಿಯನ್ನು ಮುಟ್ಟಿರುವುದಿಲ್ಲ. ಆಂಟೆನಾ ಜೋಡಿಸದೆ ಪೆಟ್ಟಿಗೆಗೆ ಕರೆಂಟು ಕೊಡಲೇಬೇಡಿ. ಹೊರಗೆ ಹೋಗಬೇಕಾದ ಶಕ್ತಿ ಹಿಂದಕ್ಕೆ ಬಂದು ರೇಡಿಯೋ ಹಾಳಾಗಬಹುದು.

ಜೊತೆಗೆ ಬರುವ ಸುರುಳಿ ಸುತ್ತಿದ ಪುಟ್ಟ ಸ್ಪ್ರಿಂಗನ್ನು ತೆಗೆದು ಒಳ್ಳೆಯ ಆಂಟೆನಾ ಹಾಕಿದರೆ ಅರ್ಧ ಸಮಸ್ಯೆ ಕಳೆಯಿತು. ಬೆಸುಗೆ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ತಾವೇ ಮಾಡಬಹುದು. ಈ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರು, ಅದರ ಕಾಲು ಭಾಗ 8.6 ಸೆಂಟಿಮೀಟರು, ಅಂದರೆ ಒಂದು ಬೆರಳಿಗಿಂತ ತುಸು ಉದ್ದ. ಅಷ್ಟು ಉದ್ದದ ತಾಮ್ರದ ತಂತಿಯನ್ನು ನೆಟ್ಟಗೆ ನಿಲ್ಲಿಸಿ. ಬುಡದಲ್ಲಿ ಅದೇ ಉದ್ದದ ಇನ್ನು ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಯಂತೆ ಕೆಳಕ್ಕೆ ಇಳಿಬಿಟ್ಟು, ಕನೆಕ್ಟರಿನ ಹೊರಮೈಗೆ ಬೆಸೆಯಿರಿ. ನಡುವಿನ ತಂತಿಗೆ ಅವು ತಗುಲಬಾರದು. ಹೊಲದ ಆಂಟೆನಾ, ಮನೆಯ ಆಂಟೆನಾ ಎರಡೂ ನೆಟ್ಟಗೆ ನಿಂತಿರಬೇಕು. ಒಂದು ನಿಂತು ಇನ್ನೊಂದು ಮಲಗಿದ್ದರೆ ಬಲ ಬಹಳ ಕುಗ್ಗುತ್ತದೆ. ಅಂಗಡಿಯಲ್ಲಿ 'ಹೆಚ್ಚು ಗೇನು' ಎಂದು ಉದ್ದ ಕೋಲು ತೋರಿಸುತ್ತಾರೆ. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ, ರೊಟ್ಟಿಯಂತೆ ತಟ್ಟಿ ಸುತ್ತಲೂ ಹರಡುತ್ತದೆ. ಎತ್ತರದ ತಾರಸಿಯ ಬುಡದಲ್ಲೇ ತೋಟ ಇರುವವರಿಗೆ ಆ ರೊಟ್ಟಿ ತಲೆಯ ಮೇಲೆ ಹಾದುಹೋಗುವುದು.

ಆಂಟೆನಾ ತಾರಸಿಯ ಮೇಲಿಟ್ಟು, ರೇಡಿಯೋ ಕೆಳಗೆ ನಡುಮನೆಯಲ್ಲಿಟ್ಟು, ನಡುವೆ ಸಣ್ಣ ಕಪ್ಪು ಕೇಬಲು ಎಳೆಯುವವರಿದ್ದಾರೆ. ಆ ಸಪುರ ಕೇಬಲಿನಲ್ಲಿ ಮೂರು ಮೀಟರಿಗೆ ಅರ್ಧ ಬಲ ಸೋರಿಹೋಗುತ್ತದೆ. ಹತ್ತು ಮೀಟರಿಗೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ತೂತು ಬಿದ್ದ ಕಪಿಲೆಯಲ್ಲಿ ನೀರೆತ್ತಿದಂತೆ. ರೇಡಿಯೋವನ್ನೇ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮೇಲೆ ಆಂಟೆನಾದ ಬುಡದಲ್ಲಿಡಿ, ಕೆಳಗಿನಿಂದ ಕರೆಂಟಿನ ತಂತಿ ಕೊಡಿ. ಡಬ್ಬ ಕಬ್ಬಿಣದ್ದಾಗಬಾರದು. ಪಂಪಿನ ಸ್ಟಾರ್ಟರಿನ ತಗಡಿನ ಪೆಟ್ಟಿಗೆಯೊಳಗೆ ರೇಡಿಯೋ ಇಟ್ಟು ಬಾಗಿಲು ಮುಚ್ಚಿದರೆ ಅದು ಬಾವಿಯೊಳಗೆ ಕುಳಿತು ಕೂಗಿದಂತೆ. ತಾರಸಿಯ ನೀರಿನ ತೊಟ್ಟಿಯ ಹಿಂದೆಯೂ ಆಂಟೆನಾ ಅಡಗಿಸಬೇಡಿ. ಕೇಬಲಿನ ಜೋಡಣೆಗೆ ರಬ್ಬರ್ ಟೇಪು ಬಿಗಿಯಾಗಿ ಸುತ್ತಿ. ಒಳಗೆ ಮಳೆನೀರು ಇಳಿದರೆ ಆ ಕೇಬಲು ಮತ್ತೆ ಕೆಲಸಕ್ಕೆ ಬಾರದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಗಳು ಎತ್ತುವಾಗ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ. ಗಳು ಬಿದ್ದರೂ ತಂತಿಗೆ ತಗುಲದಷ್ಟು ದೂರ ಇರಬೇಕು. ಹಸಿ ಬಿದಿರಿನಲ್ಲೂ ವಿದ್ಯುತ್ತು ಹರಿಯುತ್ತದೆ. ತಾರಸಿಯ ಕಬ್ಬಿಣದ ಕಂಬಕ್ಕೆ ಅರ್ತಿಂಗ್ ಮಾಡಿಸಿ. ಗುಡುಗು ಶುರುವಾದರೆ ಯಾರೂ ಅದರ ಹತ್ತಿರ ಹೋಗಬಾರದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಇದು ಮುಖ್ಯ.

ಇಷ್ಟೆಲ್ಲ ಆದ ಮೇಲೆ ರೇಡಿಯೋದ ಒಳಗಿನ ಹೊಂದಾಣಿಕೆ. ಶಿಳ್ಳೆಯನ್ನು ಎಷ್ಟು ನಿಧಾನ ಎಳೆಯಬೇಕೆಂಬುದಕ್ಕೆ 7ರಿಂದ 12ರವರೆಗೆ ಮೆಟ್ಟಿಲುಗಳಿವೆ. ಇವಕ್ಕೆ ಸ್ಪ್ರೆಡಿಂಗ್ ಫ್ಯಾಕ್ಟರ್ ಎನ್ನುತ್ತಾರೆ. 7ರಲ್ಲಿ ಒಂದು ಸಣ್ಣ ಸುದ್ದಿ ಸೆಕೆಂಡಿನ ಹದಿನೈದನೇ ಒಂದು ಪಾಲಿನೊಳಗೆ ಮುಗಿಯುತ್ತದೆ. 12ರಲ್ಲಿ ಅದೇ ಸುದ್ದಿಗೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಆದರೆ ಕೇಳುವ ಕಿವಿ ಸುಮಾರು ಹದಿನೆಂಟು ಪಟ್ಟು ಸೂಕ್ಷ್ಮವಾಗುತ್ತದೆ. ನಿಧಾನವಾದಷ್ಟೂ ಬ್ಯಾಟರಿ ಖರ್ಚು, ಇತರರ ಸುದ್ದಿಗೂ ಅಡ್ಡಿ. ಆದ್ದರಿಂದ 9ರಿಂದ ಆರಂಭಿಸಿ, ಬೇಕಾದರೆ 10ಕ್ಕೆ ಏರಿ. ತೊಟ್ಟಿಯ ಮಟ್ಟ ಹದಿನೈದು ನಿಮಿಷಕ್ಕೊಮ್ಮೆ ತಿಳಿದರೆ ಸಾಲದೆ? ಕ್ಷಣಕ್ಷಣಕ್ಕೂ ಕೂಗಿಸಬೇಡಿ. ಎರಡೂ ಕಡೆ ಇದೇ ಮೆಟ್ಟಿಲು, ಇದೇ ಕಂಪನ ಇಟ್ಟಿರಬೇಕೆಂಬುದನ್ನು ಮರೆಯಬೇಡಿ.

ಗಳು ಭದ್ರವಾಗಿ ನೆಡುವ ಮೊದಲು ಒಂದು ದಿನ ನಡೆದು ನೋಡಬೇಕು. ಮನೆಯಲ್ಲಿ ಒಬ್ಬರು ಕೇಳುವ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಲಿ. ಇನ್ನೊಬ್ಬರು ಕಳುಹುವ ಪೆಟ್ಟಿಗೆಯನ್ನು ಕೋಲಿಗೆ ಕಟ್ಟಿಕೊಂಡು, ತಲೆಗಿಂತ ಎತ್ತರ ಹಿಡಿದು ಹೊಲದ ಕಡೆ ನಡೆಯಲಿ. ಪ್ರತಿ ಕರೆಂಟು ಕಂಬದ ಬಳಿ ನಿಂತು ಹತ್ತು ಸಲ ಕಳುಹಿಸಿ, ಎಷ್ಟು ಮುಟ್ಟಿದವು ಎಂದು ಫೋನಿನಲ್ಲಿ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಲಿ. ಕೇಳುವ ಪೆಟ್ಟಿಗೆ ಎರಡು ಅಂಕಿ ತೋರಿಸುತ್ತದೆ. ಒಂದು ಸದ್ದಿನ ಬಲ: ಋಣ 80 ಎಂದರೆ ಗಟ್ಟಿ, ಋಣ 120 ಎಂದರೆ ಕ್ಷೀಣ. ಇನ್ನೊಂದು, ಗದ್ದಲಕ್ಕಿಂತ ಸುದ್ದಿ ಎಷ್ಟು ಮೇಲಿದೆ ಎಂಬುದು. 9ನೆಯ ಮೆಟ್ಟಿಲಿನಲ್ಲಿ ಇದು ಋಣ 12ರ ಸುಮಾರಿಗೆ ಇಳಿದರೆ ಅಲ್ಲಿಗೆ ಮುಗಿಯಿತು, ಸುದ್ದಿ ನಿಲ್ಲುತ್ತದೆ. ಅಂಚಿನಲ್ಲಿದ್ದರೆ ಸಾಲದು, ಹತ್ತು ಅಂಕಿಯಾದರೂ ಮೇಲಿರಬೇಕು. ಆ ಹತ್ತು ಅಂಕಿಯೇ ಪೈರು ಬೆಳೆದಾಗ, ನಡುವೆ ಲಾರಿ ನಿಂತಾಗ, ಮೇಲುಸೇತುವೆಯ ಮೇಲೆ ರೈಲು ಹಾದಾಗ ನಿಮ್ಮನ್ನು ಕಾಯುವ ಗಂಟು. ಒಂದು ಸುದ್ದಿ ತಪ್ಪಿದರೆ ಮುಂದಿನದು ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಆದರೆ ಮೋಟಾರಿನ ವಿಷಯದಲ್ಲಿ ಹಾಗೆ ಬಿಡಲಾಗದು. ಬಾವಿ ಬತ್ತಿದಾಗ ಮೋಟಾರು ನಿಲ್ಲಿಸುವ ಭಾರವನ್ನು ರೇಡಿಯೋದ ಮೇಲೆ ಹಾಕಬೇಡಿ. ಅದಕ್ಕೆ ಸ್ಟಾರ್ಟರಿನಲ್ಲೇ ಡ್ರೈ ರನ್ ರಿಲೇ ಕೂರಿಸಿ. ನೀರಿಲ್ಲದೆ ಓಡುವಾಗ ಕರೆಂಟು ಕಡಿಮೆ ಎಳೆಯುವುದನ್ನು ಅದು ಅಲ್ಲೇ ಕಂಡು ಅಲ್ಲೇ ನಿಲ್ಲಿಸುತ್ತದೆ. ಮನೆಯಿಂದ ಪಂಪು ಓಡಿಸುವ ಏರ್ಪಾಡು ಮಾಡಿಕೊಂಡವರು 'ನಿಲ್ಲು' ಎಂಬ ಸುದ್ದಿಯನ್ನು ನೆಚ್ಚಬಾರದು, ಅದು ದಾರಿಯಲ್ಲಿ ಕಳೆದುಹೋಗಬಹುದು. 'ಓಡಲಿ' ಎಂಬ ಸುದ್ದಿ ಐದು ನಿಮಿಷಕ್ಕೊಮ್ಮೆ ಹೋಗುತ್ತಿರಲಿ. ಸತತ ಮೂರು ಸಲ ಅದು ಮುಟ್ಟದಿದ್ದರೆ ಪಂಪು ತಾನೇ ನಿಲ್ಲುವಂತೆ ಹೊಂದಿಸಿ. ಮನೆಯ ಪರದೆಯ ಮೇಲೆ ತೊಟ್ಟಿಯ ಮಟ್ಟದ ಪಕ್ಕದಲ್ಲಿ ಆ ಸುದ್ದಿ ಬಂದ ಹೊತ್ತೂ ಕಾಣಬೇಕು. ಹೊಲದ ಪೆಟ್ಟಿಗೆಯ ಬ್ಯಾಟರಿ ಮಧ್ಯಾಹ್ನವೇ ಮುಗಿದಿದ್ದರೂ ಪರದೆ ರಾತ್ರಿಯೆಲ್ಲ 'ಮುಕ್ಕಾಲು ತೊಟ್ಟಿ' ಎಂದೇ ತೋರಿಸುತ್ತಿರುತ್ತದೆ. ಹೊತ್ತು ನೋಡಿದವರಿಗೆ ಮಾತ್ರ ಅದು ಹಳೆಯ ಸುದ್ದಿಯೆಂದು ತಿಳಿಯುತ್ತದೆ.